ಕಾಲು ನೋಡಿ ಮಾತಾಡಿಸುತ್ತಿದ್ದವಳು

ಗುರುವಾರ ಬೆಳಿಗ್ಗೆ ದೇವರ ಪಾತ್ರೆಗಳಿಗೆ ಹುಣಸೆಹುಳಿ ಹಚ್ಚಿ ಬೆಳಗುತ್ತ ಕೂತಿದ್ದೆ. ಶುಕ್ರವಾರದ ಪೂಜೆಗೆ ಹಿಂದಿನ ದಿನವೇ ಬೆಳಗಿಡುವುದು ನನ್ನ ಕ್ರಮ. ಎರಡು ದೀಪ ಮುಗಿದು ಗಂಟೆಗೆ ಕೈ ಹಾಕಿದ್ದೆ. ಮೂಲೆಯ ಖೋಲಿಯ ಮರಾಠಿ ಅಜ್ಜಿ ಬಾಗಿಲಲ್ಲಿ ಬಂದು ನಿಂತು, ಎದುರು ಮನೆಯವಳು ಹೋದಳು ಎಂದಳು. ಎಲ್ಲಿಗೆ ಎಂದು ಕೇಳಿದೆ. ಅಜ್ಜಿ ಕೈಯನ್ನು ಮೇಲಕ್ಕೆ ತೋರಿಸಿದಳು.

ಹೊಸ್ತಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳಂತೆ. ಹಾಗೆಯೇ ಗೋಡೆಗೆ ಒರಗಿದಳಂತೆ. ಮಗಳು ಚಹಾ ತಂದು ಕರೆದಾಗ ಸೊಪ್ಪು ಮಡಿಲಲ್ಲೇ ಇತ್ತು, ಅವಳು ಇರಲಿಲ್ಲ.

ನನಗೆ ಮೊದಲು ಬಂದದ್ದು ಅಳುವಲ್ಲ. ದೇವರಿಗೆ ಗೊತ್ತಿರುವುದನ್ನು ಓದುವವರಿಂದ ಮುಚ್ಚಿಟ್ಟು ಏನು ಪ್ರಯೋಜನ? ನನಗೆ ಹೊಟ್ಟೆಕಿಚ್ಚಾಯಿತು. ಅನಾಯಾಸ ಮರಣ ಕೊಡು ಎಂದು ಎರಡು ಹೊತ್ತು ಕೈ ಮುಗಿದು ಬೇಡುವವಳು ನಾನು. ಬೆಳಿಗ್ಗೆ ಒಂದು ಊದುಬತ್ತಿ ಚುಚ್ಚಿ, ಅದರ ಹೊಗೆ ಮೇಲೇಳುವ ಮೊದಲೇ ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ಓಡುತ್ತಿದ್ದವಳಿಗೆ ಅದು ಕೇಳದೆಯೇ ಸಿಕ್ಕಿತು.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಮುಂಬಯಿಯ ಭಾಂಡುಪಿನ ನಮ್ಮ ಚಾಳಿನಲ್ಲಿ ಆ ಹೆಸರು ಎತ್ತಿದರೆ ಸಾಕು, ನಾಲ್ಕು ಜನ ನಾಲ್ಕು ಒಳ್ಳೆಯ ಮಾತು ಆಡುತ್ತಾರೆ. ಇಪ್ಪತ್ತು ವರ್ಷ ಕೇಳಿ ನನಗೆ ಸಾಕಾಗಿದೆ.

ವಿಜಾಪುರದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಕರೆದುಕೊಂಡು ಬಂದಿದ್ದ. ಮಗಳಿಗೆ ಎರಡು ವರ್ಷವಾದಾಗ ಕಾಮಾಲೆಯಲ್ಲಿ ತೀರಿಕೊಂಡ. ಅವಳು ಊರಿಗೆ ಹೋಗಲಿಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಯಾ ಕೆಲಸ ಹಿಡಿದಳು. ನಾವು ಉಡುಪಿ ಕಡೆಯವರು. ನಮ್ಮ ಯಜಮಾನರು ಬೈಕುಲ್ಲಾದ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದರು. ನಮಗೆ ಮಕ್ಕಳಿಲ್ಲ. ದೇವರು ಕೊಡಲಿಲ್ಲ, ಸೈ. ಆದರೆ ಹಣೆಗೆ ಕುಂಕುಮ ಉಳಿಸಿಕೊಟ್ಟಿದ್ದಾನೆ. ಮುತ್ತೈದೆಯಾದ ನಾನು ಒಬ್ಬ ವಿಧವೆಯ ಮೇಲೆ ಇಷ್ಟು ವರ್ಷ ಅಸೂಯೆಪಟ್ಟೆ ಎಂದರೆ ನಂಬುವುದು ಕಷ್ಟ. ನಿಜ ಅದೇ.

ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಿಕೊಳ್ಳುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು, ಒಂದು. ಹಾಲು ಒಡೆಯಲಿಲ್ಲ, ಎರಡು. ರಾತ್ರಿ ದೀಪ ಶಾಂತ ಮಾಡುವ ಮೊದಲು ಐದಾದರೂ ಎಣಿಸಿ ಕೈ ಮುಗಿಯುತ್ತೇನೆ. ಒಮ್ಮೆ ಇದನ್ನು ಅವಳಿಗೆ ಹೇಳಿದ್ದೆ. ಅವಳು ನಕ್ಕು, ತಾನು ದಿನಾ ಎಣಿಸುವುದು ಬೆಡ್‌ಪ್ಯಾನು ಎಂದಿದ್ದಳು. ಪಕ್ಕದಲ್ಲಿ ಪೇಪರು ಓದುತ್ತಿದ್ದ ಯಜಮಾನರು ಪೇಪರು ಮಡಿಸಿಟ್ಟು ನಕ್ಕರು. ನನ್ನ ಮಾತಿಗೆ ಅವರು ಪೇಪರು ಮಡಿಸಿದ್ದು ನನಗೆ ನೆನಪಿಲ್ಲ.

ಅವಳದೊಂದು ವಿಚಿತ್ರ ಗುಣವಿತ್ತು. ಯಾರು ಎದುರಾದರೂ ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಯಾರ ಹಿಮ್ಮಡಿ ಒಡೆದಿದೆ, ಯಾರ ಪಾದ ಬಾತಿದೆ, ಯಾರು ಚಪ್ಪಲಿಯ ಒಂದೇ ಬದಿ ಸವೆಸುತ್ತಾರೆ, ಎಲ್ಲ ಅವಳಿಗೆ ಗೊತ್ತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಮಾರಿ ಸುಳ್ಳ ಹೇಳತೈತ್ರಿ ವೈನಿ, ಕಾಲ ಹೇಳೂದಿಲ್ಲ" ಎಂದಿದ್ದಳು. ನನ್ನನ್ನು ವೈನಿ ಎಂದೂ ಇವರನ್ನು ಅಣ್ಣಾರ ಎಂದೂ ಕರೆಯುತ್ತಿದ್ದಳು. ಅಂದರೆ ಅತ್ತಿಗೆ, ಅಣ್ಣ. ಅದರಲ್ಲಿ ತಪ್ಪು ಹುಡುಕಲು ನನಗೆ ಎಡೆಯೇ ಇರಲಿಲ್ಲ. ಅದೂ ನನ್ನ ಸಂಕಟವೇ.

ಮದುವೆಯಾದಂದಿನಿಂದ ಯಜಮಾನರ ಕಾಲು ಒತ್ತದೆ ನಾನು ಮಲಗಿದವಳಲ್ಲ. ಇಡೀ ದಿನ ಕಾವಲಿಯ ಮುಂದೆ ಬರಿಗಾಲಲ್ಲಿ ನಿಂತು ಬರುತ್ತಿದ್ದರು. ಪಾದಸೇವೆ ಎಂದರೆ ಪೂಜೆಗೆ ಸಮ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅದು ನನ್ನ ಹೆಮ್ಮೆ. ಬಲ ಹಿಮ್ಮಡಿಯಲ್ಲಿ ಕಡಲೆಯಷ್ಟು ದೊಡ್ಡ ಕಪ್ಪು ಕಲೆ ಮೂಡಿದಾಗ ಬಿಸಿ ಎಣ್ಣೆ ಸಿಡಿದದ್ದು ಎಂದುಕೊಂಡೆ. ಅದು ಅಂಚು ಹರಡಿ ಹುಣಸೆಬೀಜದಷ್ಟಾದಾಗ ಹರಳೆಣ್ಣೆ ಹಚ್ಚಿದೆ. ದಿನಾ ಅದರ ಮೇಲೇ ನನ್ನ ಹೆಬ್ಬೆರಳು ಓಡಾಡುತ್ತಿತ್ತು.

ಒಂದು ಭಾನುವಾರ ಇವರು ಜಗಲಿಯಲ್ಲಿ ಕೂತು ಉಗುರು ತೆಗೆಯುತ್ತಿದ್ದರು. ಅವಳು ಬಟ್ಟೆ ಒಣಹಾಕಲು ಬಂದವಳು ನಿಂತಳು.

"ಅಣ್ಣಾರ, ಹಿಮ್ಮಡಿಗೆ ಕಾಡಿಗಿ ಹಚ್ಚೀರೇನ? ದೃಷ್ಟಿ ಆಗಬಾರ್ದಂತ?"

ಇವರು ನಕ್ಕರು. ಅವಳು ನಗಲಿಲ್ಲ. ಬಕೆಟ್ಟು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತು ನೋಡಿದಳು, ಮುಟ್ಟಲಿಲ್ಲ. ಇಂಥದ್ದನ್ನು ತನ್ನ ವಾರ್ಡಿನಲ್ಲಿ ನೋಡಿದ್ದೇನೆ, ನಾಳೆಯೇ ತನ್ನ ಜೊತೆ ಬರಬೇಕು, ಹೋಟೆಲು ಎಲ್ಲೂ ಓಡಿ ಹೋಗುವುದಿಲ್ಲ ಎಂದಳು.

ಅದು ಚರ್ಮದ ಕ್ಯಾನ್ಸರು. ಕ್ಯಾನ್ಸರು ಬಾಯಿಗೆ ಬರುತ್ತದೆ, ಹೊಟ್ಟೆಗೆ ಬರುತ್ತದೆ ಎಂದು ಕೇಳಿದ್ದೆ. ಅಂಗಾಲಿಗೆ ಬರುತ್ತದೆಂದು ಯಾರು ಕಂಡವರು? ನಾನು ಹೆದರಿದೆ. ಆದರೆ ಆ ಹೆದರಿಕೆಯ ಒಳಗೇ ಒಂದು ಮುಳ್ಳು ಇತ್ತು. ಇಪ್ಪತ್ತು ವರ್ಷ ನಾನು ಒತ್ತಿದ ಕಾಲು. ಕಂಡದ್ದು ಅವಳಿಗೆ.

ಆಪರೇಶನ್ನಿನಲ್ಲಿ ಹಿಮ್ಮಡಿಯ ಕಲೆಯನ್ನು ಅಗಲವಾಗಿ ಕತ್ತರಿಸಿ ತೆಗೆದರು. ತೊಡೆಯಿಂದ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ತೊಡೆಸಂದಿಯ ಗಂಟುಗಳನ್ನೂ ತೆಗೆದರು. ಬಲಗಾಲನ್ನು ದಿಂಬಿನ ಮೇಲೆ ಇಟ್ಟು ಅಲುಗಾಡಿಸಬಾರದು ಎಂದರು. ದಿನಾ ಹೊಟ್ಟೆಗೆ ಒಂದು ಸಣ್ಣ ಸೂಜಿ ಕೊಡುತ್ತಿದ್ದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಾಳ್ಮೆಯಿಂದ ಹೇಳಿದಳು. ಈ ಕಾಯಿಲೆ ಇದ್ದವರ ರಕ್ತ ಬೇಗ ಗಟ್ಟಿಯಾಗುತ್ತದೆ, ಆಪರೇಶನ್ ಆಗಿ ಮಲಗಿಯೇ ಇದ್ದರೆ ಇನ್ನೂ ಹೆಚ್ಚು. ಕಾಲಿನ ನರದಲ್ಲಿ ಕಟ್ಟಿದ ಗಡ್ಡೆಯ ಚೂರು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಸೂಜಿ, ಅದಕ್ಕೇ ಎಡಗಾಲನ್ನು ಗಂಟೆಗೊಮ್ಮೆ ಆಡಿಸಬೇಕು. ನಾನು ತಲೆಯಾಡಿಸಿದೆ. ನನಗೆ ಕೇಳಿಸಿದ್ದು ಜೀವಕ್ಕೇ ಅಪಾಯ ಎಂಬುದಷ್ಟೇ.

ಅವಳ ಡ್ಯೂಟಿ ಅದೇ ವಾರ್ಡಿನಲ್ಲಿತ್ತು. ಚಾದರ ಬದಲಿಸುತ್ತ, ಗಾಡಿ ತಳ್ಳುತ್ತ, ಪ್ರತಿ ಮಂಚದ ಕೊನೆಯಲ್ಲಿ ನಿಂತು ಪಾದ ನೋಡಿ ಒಂದೊಂದು ಮಾತು. ಯಾವ ರೋಗಿ ಯಾವ ಊರು, ಯಾರ ಮಗಳಿಗೆ ಪರೀಕ್ಷೆ ಇದೆ, ಎಲ್ಲ ಬಾಯಿಪಾಠ. ಇವರ ಮಂಚಕ್ಕೆ ಬಂದರೆ ಮಾತು ತುಸು ಹೆಚ್ಚು.

"ಹೊಲಿಗಿ ಮಶೀನ ತುಳೀರಿ ಅಣ್ಣಾರ. ಇವತ್ತ ಹತ್ತ ಜಂಪರ ಆಗಬೇಕು."

ಇವರು ಎಡಪಾದವನ್ನು ಮೇಲೆ ಕೆಳಗೆ ಮಾಡುತ್ತ, "ಗುಂಡಿ ಯಾರು ಹಾಕುದು ಮಾರಾಯ್ತಿ?" ಎನ್ನುತ್ತಿದ್ದರು.

ಮಾರಾಯ್ತಿ ಎಂದು ಇವರು ನನ್ನನ್ನು ಕರೆಯುವುದು. ಅದು ನಮ್ಮೂರಲ್ಲಿ ಎಲ್ಲರಿಗೂ ಹೇಳುವ ಮಾತೇ. ಆದರೂ.

ಐದನೆಯ ದಿನ ಭಾಂಡುಪಿನಿಂದ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬಂದೆ. ವಾರ್ಡಿನ ಬಾಗಿಲಲ್ಲೇ ಇವರ ನಗು ಕೇಳಿಸಿತು. ನಾನು ಕುಡಿಸಿದ ಪ್ರತಿ ಚಮಚಕ್ಕೂ ಮುಖ ಸಿಂಡರಿಸುತ್ತಿದ್ದ ಮನುಷ್ಯ. ಅವಳು ಮಂಚದ ಕೊನೆಯಲ್ಲಿ ನಿಂತು, ಎರಡು ಕೈಯಲ್ಲೂ ಮಶೀನಿನ ಗಾಲಿ ತಿರುಗಿಸುವಂತೆ ಮಾಡಿ ತೋರಿಸುತ್ತಿದ್ದಳು. ನಾನು ಫ್ಲಾಸ್ಕು ಕೆಳಗಿಟ್ಟೆ. ಇವರ ಕಾಲು ನೋಡಿಕೊಳ್ಳಲು ನಾನಿದ್ದೇನೆ, ನೀವು ಬೇರೆ ಪೇಶಂಟುಗಳನ್ನು ನೋಡಿ, ಇಲ್ಲಿಗೆ ಬರುವುದು ಬೇಡ ಎಂದೆ. ಮೆಲ್ಲಗೇ ಹೇಳಿದೆ. ಆದರೆ ಪಕ್ಕದ ಎರಡು ಮಂಚದವರು ತಲೆ ತಿರುಗಿಸುವಷ್ಟು.

ಅವಳು ನನ್ನ ಮುಖ ನೋಡಿದಳು. ಕಾಲಲ್ಲ, ಮುಖ.

"ಆತ್ರಿ ವೈನಿ. ಮಶೀನ ಮಾತ್ರ ನಿಂದರಸಬ್ಯಾಡ್ರಿ. ಅಲುಗಾಡಿಸದ ಇಟ್ರ ರಕ್ತ ಹೆಪ್ಪ ಹಾಕಿದ ಹಾಲಿನಂಗ ಕೂತ ಬಿಡತೈತಿ."

ಅಷ್ಟು ಹೇಳಿ ಚಾದರಗಳ ಗಂಟು ಎತ್ತಿಕೊಂಡು ಹೋದಳು. ಮತ್ತೆ ಬರಲಿಲ್ಲ. ವಾರ್ಡಿನಲ್ಲಿ ನಮ್ಮ ಬದಿಯ ಕೆಲಸವನ್ನು ಇನ್ನೊಬ್ಬ ಆಯಾಗೆ ಕೊಟ್ಟು ತಾನು ಈ ಬದಿಗೆ ಸುಳಿಯದಂತೆ ಮಾಡಿಕೊಂಡಳು.

ಅದೇ ಸಂಜೆ ಡಾಕ್ಟರಮ್ಮ ಬಂದು, ಗಾಯದಿಂದ ರಕ್ತ ಜಿನುಗುತ್ತಿದೆ, ಎರಡು ದಿನ ಹೊಟ್ಟೆಯ ಸೂಜಿ ನಿಲ್ಲಿಸುತ್ತೇವೆ, ಹಾಗಾಗಿ ಕಾಲು ಇನ್ನೂ ಹೆಚ್ಚು ಆಡಿಸಬೇಕು ಎಂದಳು. ಸೂಜಿ ನಿಂತಿತು ಎಂಬುದೊಂದೇ ನನ್ನ ತಲೆಯಲ್ಲಿ ಉಳಿಯಿತು. ಗಂಡಾಂತರ ಕಳೆಯಿತು, ಅದಕ್ಕೇ ನಿಲ್ಲಿಸಿದರು ಎಂದುಕೊಂಡೆ. ಅಂದು ದೇವರಿಗೆ ಕೈ ಮುಗಿದು ಎಣಿಸಿದ ಮೊದಲ ಉಪಕಾರವೇ ಅದು. ಎರಡನೆಯದು, ಅವಳು ಬರಲಿಲ್ಲ ಎಂಬುದು.

ನಾನು ಪಾದ ಆಡಿಸಿ ಎಂದರೆ ಇವರು, "ಸಾಕು, ನಿದ್ದೆ ಬರ್ತದೆ" ಎನ್ನುತ್ತಿದ್ದರು. ಮಲಗಿಕೊಳ್ಳಲಿ ಪಾಪ, ಹದಿನಾಲ್ಕನೆಯ ವಯಸ್ಸಿನಿಂದ ನಿಂತೇ ಇದ್ದ ಜೀವ ಎಂದು ಸುಮ್ಮನಾದೆ. ನಿದ್ದೆ ಬಂದದ್ದನ್ನೂ ಎಣಿಸಿಕೊಂಡೆ.

ಅದಾದ ಮೂರನೆಯ ದಿನ ಎಡಗಾಲಿನ ಮೀನಖಂಡ ನೋಯುತ್ತದೆ ಎಂದರು. ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು, ಬಿಸಿಯಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೆ ನನಗೆ ಸಂತೋಷವೇ ಆಯಿತು. ಈ ನೋವು ನನಗೆ ಸೇರಿದ್ದು, ಇದಕ್ಕೆ ಔಷಧ ನನ್ನ ಕೈಯಲ್ಲಿದೆ. ಮರುದಿನ ಮನೆಯಿಂದ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಬಾಟಲಿಯಲ್ಲಿ ತಂದೆ. ಮಂಚದ ಪರದೆ ಎಳೆದುಕೊಂಡು, ಹರಡಿನಿಂದ ಮೊಣಕಾಲಿನವರೆಗೆ ಒತ್ತಿ ಒತ್ತಿ ತಿಕ್ಕಿದೆ. ಮನಸ್ಸಿನಲ್ಲಿ ದೇವಿಯ ನಾಮ ಹೇಳುತ್ತ ತಿಕ್ಕಿದೆ. ನೋಯುತ್ತದೆ ಎಂದರು. ನೋವು ಸಡಿಲವಾಗುವಾಗ ಹಾಗೆಯೇ ಎಂದೆ.

ಕರ್ಪೂರದ ವಾಸನೆಗೆ ಅವಳು ಬಂದಳು. ಪರದೆ ಸರಿಸಿದಳು. ನನ್ನ ಮುಂಗೈ ಹಿಡಿದಳು. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿಯಾಗಿ ಹಿಡಿದು ಕಾಲಿನಿಂದ ಎತ್ತಿದಳು. ಆಮೇಲೆ ಜೇಬಿನಿಂದ ಒಂದು ಪಟ್ಟಿ ಬಟ್ಟೆ ತೆಗೆದು ಬಲಗಾಲಿನ ಮೀನಖಂಡಕ್ಕೆ ಸುತ್ತಿ ಹಿಡಿದು, ಅದೇ ಅಳತೆಯನ್ನು ಎಡಗಾಲಿಗೆ ಹಿಡಿದಳು. ಬಟ್ಟೆ ಮೂರು ಬೆರಳಿನಷ್ಟು ಸಾಲಲಿಲ್ಲ. ಉಸಿರು ಹೇಗಿದೆ ಎಂದು ಇವರನ್ನು ಕೇಳಿದಳು. ಬೆಳಿಗ್ಗೆಯಿಂದ ಎದೆ ಹಿಡಿದ ಹಾಗೆ ಇದೆ ಎಂದರು. ನನಗೆ ಅದನ್ನು ಹೇಳಿರಲಿಲ್ಲ. ಅವಳು ಓಡಿದಳು. ಓಡುವಾಗ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ತೊಡೆಯ ನರದವರೆಗೆ ರಕ್ತ ಗಟ್ಟಿಯಾಗಿತ್ತು. ಒಂದು ಸಣ್ಣ ಚೂರು ಆಗಲೇ ಶ್ವಾಸಕೋಶಕ್ಕೆ ಹೋಗಿತ್ತು. ನಾನು ತಿಕ್ಕಿದ್ದರಿಂದ ಹೋಯಿತೋ, ಅದಕ್ಕೂ ಮೊದಲೇ ಹೋಗಿತ್ತೋ, ಯಾರೂ ಹೇಳಲಾರರು ಎಂದು ಆಮೇಲೆ ಡಾಕ್ಟರಮ್ಮ ಹೇಳಿದಳು. ಆದರೆ ಆ ಹೊತ್ತಿಗೆ ಡಾಕ್ಟರಮ್ಮನ ಕಣ್ಣು ಎಣ್ಣೆಯಲ್ಲಿ ಹೊಳೆಯುತ್ತಿದ್ದ ಕಾಲಿನ ಮೇಲಿತ್ತು.

"ಮಾಲಿಶ್ ಕಿಸ್ನೆ ಕಿಯಾ?" ತಿಕ್ಕಿದ್ದು ಯಾರು ಎಂದು ಕೇಳಿದಳು.

ನನ್ನ ಕೈ ಸೆರಗಿನ ಕೆಳಗೆ ಹೋಯಿತು. ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಅವಳು, "ಮೈನೆ ಕಿಯಾ, ಡಾಕ್ಟರ್" ಎಂದಳು, ತಿಕ್ಕಿದ್ದು ತಾನು ಎಂದು.

ಆಕ್ಸಿಜನ್ ಮಾಸ್ಕಿನ ಮೇಲಿಂದ ಇವರು ಅವಳನ್ನು ನೋಡಿದರು. ಅವಳು ಕಣ್ಣಲ್ಲೇ ಏನೋ ಹೇಳಿದಳು. ಇವರು ಕಣ್ಣು ಮುಚ್ಚಿಕೊಂಡರು.

ನನ್ನನ್ನು ಉಳಿಸಲು ಅವರಿಬ್ಬರೂ ಒಂದಾದರು. ಬೇರೆ ಹೆಂಗಸಾದರೆ ಕಾಲಿಗೆ ಬೀಳುತ್ತಿದ್ದಳೋ ಏನೋ. ನನಗೆ ಮಾತ್ರ ಆ ಕಣ್ಣಿನ ಮಾತೇ ಇವತ್ತಿಗೂ ಸುಡುತ್ತದೆ. ಮನೆಗೆ ಬಂದ ಮೇಲೆ ಒಂದು ದಿನ, ನೀವು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವಳು ಸುಮ್ಮನಿರಿ ಎಂದಳು, ಇದ್ದೆ ಎಂದರು. ನಾನು ಪಾದ ಆಡಿಸಿ ಎಂದರೆ ಕೇಳದವರು, ಅವಳು ಬಾಯಿ ಬಿಡದೆ ಹೇಳಿದ್ದನ್ನು ಕೇಳಿದರು.

ಆಸ್ಪತ್ರೆಯಲ್ಲಿ ಆವತ್ತೇ ಮೆಟ್ಟಿಲ ಹತ್ತಿರ ನಾನು ಅವಳನ್ನು ಹಿಡಿದು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದೆ. ಕೃತಜ್ಞತೆಯಿಂದ ಅಲ್ಲ, ಸಿಟ್ಟಿನಿಂದ.

"ನಿಮ್ಮನ್ನ ವಾರ್ಡ ಹೊರಗ ಹಾಕ್ತಿದ್ರು ವೈನಿ. ಅಣ್ಣಾರಿಗೆ ಗಂಜಿ ಯಾರ ಕುಡಸಬೇಕಿತ್ತು? ನಂಗ ಬೈಗುಳಾ ಅಂದ್ರ ಚಾ ಇದ್ದಂಗ, ದಿನಾ ಎರಡ ಸಲ ಬೇಕಽ ಬೇಕು."

ಬೈಗುಳಕ್ಕೆ ಮುಗಿಯಲಿಲ್ಲ. ರೋಗಿಗಳ ಹತ್ತಿರ ಇವಳು ಬೇಡ ಎಂದು ಕೆಳಗಿನ ಲಾಂಡ್ರಿಗೆ ಹಾಕಿದರು. ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದವಳಿಗೆ ಅಲ್ಲಿ ಚಾದರಗಳು ಬಿಟ್ಟರೆ ಏನೂ ಇರಲಿಲ್ಲ. ರಿಟೈರಾಗುವವರೆಗೆ ನಾಲ್ಕು ವರ್ಷ ಅಲ್ಲೇ ಇದ್ದಳು. ಕೈಬೆರಳುಗಳ ಚರ್ಮ ಬ್ಲೀಚಿನಲ್ಲಿ ಬೆಳ್ಳಗೆ ಸುಲಿದಿತ್ತು. ಮಗಳು ಕಾಲೇಜಿನಲ್ಲಿದ್ದಳು. ಅಮ್ಮ ತಿಳಿಯದೆ ಒಬ್ಬರ ಕಾಲು ತಿಕ್ಕಿ ಜೀವಕ್ಕೇ ಕುತ್ತು ತಂದಳಂತೆ ಎಂದು ಚಾಳಿನವರು ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು. ಆಮೇಲೆ ಆ ಹುಡುಗಿ ನಮ್ಮ ಮನೆಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದಳು.

ನಾನು ಹೇಳಬಹುದಿತ್ತು. ಇವರು ಮನೆಗೆ ಬಂದ ಮೇಲೆ ಹೇಳುತ್ತೇನೆ ಎಂದು ಹರಕೆ ಹೊತ್ತೆ. ಬಂದ ಮೇಲೆ, ಮೊದಲ ಚೆಕಪ್ ಮುಗಿಯಲಿ ಎಂದೆ. ಆಮೇಲೆ ನವರಾತ್ರಿ ಕಳೆಯಲಿ ಎಂದೆ. ಸತ್ಯನಾರಾಯಣ ಪೂಜೆ ಮಾಡಿಸಿ ಅವಳ ಹೆಸರಲ್ಲೂ ಸಂಕಲ್ಪ ಹೇಳಿಸಿದೆ. ದೀಪಾವಳಿಗೆ ಒಂದು ಸೀರೆ ಕೊಟ್ಟೆ. ಅದನ್ನೇ ಉಟ್ಟು ಲಾಂಡ್ರಿಗೆ ಹೋಗಿ ಬಂದು, ಬಣ್ಣ ಬಿಡಲಿಲ್ಲ ವೈನಿ, ಭಾರೀ ಛಲೋ ಐತಿ ಎಂದಳು. ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಜಗಳವಾಡಬಹುದಿತ್ತು. ಮಂಗಳವಾರದ ಭಜನೆಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂತು ತಾಳ ತಪ್ಪಿ ಚಪ್ಪಾಳೆ ತಟ್ಟುತ್ತಿದ್ದಳು. ಆದರೂ ಎಲ್ಲರೂ ಪ್ರಸಾದವನ್ನು ಮೊದಲು ಅವಳಿಗೆ ದಾಟಿಸುತ್ತಿದ್ದರು. ದೇವರಿಗೂ ಅವಳ ಮೇಲೇ ಪ್ರೀತಿ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಹಾಗೆ ಅನಿಸಿದ್ದಕ್ಕೆ ಕೆನ್ನೆಗೆ ಹೊಡೆದುಕೊಂಡು ತಪ್ಪೊಪ್ಪಿಕೊಂಡಿದ್ದೇನೆ.

ಯಜಮಾನರು ಉಳಿದರು. ಆರು ವರ್ಷವಾಯಿತು. ಆರು ತಿಂಗಳಿಗೊಮ್ಮೆ ತೋರಿಸುತ್ತೇವೆ. ಬಲಗಾಲು ಸ್ವಲ್ಪ ಎಳೆಯುತ್ತಾರೆ, ಈಗ ಹೋಟೆಲಿನ ಹಣದ ಗಲ್ಲೆಯಲ್ಲಿ ಕೂರುತ್ತಾರೆ. ಇದು ಸಣ್ಣ ಉಪಕಾರವಲ್ಲ, ಗೊತ್ತಿದೆ. ಯಾರ ಕೈಯಿಂದ ಬಂತು ಎಂಬುದೂ ಗೊತ್ತಿದೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಜಗಲಿ ತುಂಬಿತ್ತು. ಆಸ್ಪತ್ರೆಯ ನರ್ಸುಗಳು ಬಂದಿದ್ದರು, ಲಾಂಡ್ರಿಯವರು ಬಂದಿದ್ದರು. ಎಂದೋ ವಾರ್ಡಿನಲ್ಲಿದ್ದ ಒಬ್ಬ ಮುದುಕರು ಕೋಲೂರಿಕೊಂಡು ಜೋಗೇಶ್ವರಿಯಿಂದ ಬಂದಿದ್ದರು. ನನ್ನ ದಿನ ಬಂದಾಗ ಇದರ ಅರ್ಧ ಜನವಾದರೂ ಬಂದಾರೆಯೇ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಹೌದು, ಅಲ್ಲಿಯೂ.

ಅವರ ಮನೆಯ ಪದ್ಧತಿ ಒಂದಿದೆ. ಹೆಣ ಎತ್ತುವ ಮೊದಲು ಮನೆಯವರು ಬಂದವರ ಮುಂದೆ ಕೈ ಮುಗಿದು, ಹೋದವರಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳಬೇಕು. ಮಗಳು ಎಲ್ಲರಿಗೂ ಒಟ್ಟಿಗೆ ಕೈ ಮುಗಿದಳು. ಆಮೇಲೆ ಜನರನ್ನು ಸರಿಸಿಕೊಂಡು ನನ್ನ ಮುಂದೆ ಬಂದು ನಿಂತಳು. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ, ಕನ್ನಡ ತಡವರಿಸುತ್ತದೆ. ಮರಾಠಿಯವರ ಹಾಗೆ ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ ಎಂದೂ ಇವರನ್ನು ಕಾಕಾ ಎಂದೂ ಕರೆಯುತ್ತಾಳೆ.

"ಕಾಕು, ಅವ್ವಾಗ ಮಾಫ್ ಮಾಡ್ರಿ. ಕಾಕಾಂದು ಕಾಲ... ಅವ್ವಾಂದು ಗಲತಿ ಆಗಿತ್ತಲ್ಲ, ಅದು."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಯಜಮಾನರು ನನ್ನತ್ತ ನೋಡಿದರು. ಈ ಸಲ ಸುಮ್ಮನಿರಿ ಎಂದು ಕಣ್ಣಲ್ಲಿ ಹೇಳಲು ಯಾರೂ ಇರಲಿಲ್ಲ.

"ತಿಕ್ಕಿದ್ದು ನಾನು ಮಗಾ" ಎಂದೆ. "ನಿನ್ನ ಅಮ್ಮ ಎಣ್ಣೆ ಮುಟ್ಲೇ ಇಲ್ಲ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದ್ದು. ಇಲ್ಲದಿದ್ರೆ ನಿನ್ನ ಕಾಕಾ ಇವತ್ತು ಇಲ್ಲಿ ನಿಲ್ತಿರ್ಲಿಲ್ಲ."

ಹಾರ ಬಿಡಿಸುತ್ತಿದ್ದ ಮರಾಠಿ ಅಜ್ಜಿಯ ಕೈ ನಿಂತಿತು. ಕನ್ನಡ ಬಾರದವರಿಗೂ ಏನೋ ಆಯಿತೆಂದು ಗೊತ್ತಾಯಿತು. ಹುಡುಗಿ ಮುಗಿದ ಕೈಯನ್ನು ಕೆಳಗಿಳಿಸಿದಳು.

"ಆರು ವರ್ಷ, ಕಾಕು."

ಅಷ್ಟೇ ಹೇಳಿದಳು. ತಿರುಗಿ ಹೋಗಿ ತಾಯಿಯ ತಲೆಯ ಹತ್ತಿರ ಕೂತು ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನನ್ನನ್ನು ಮತ್ತೆ ನೋಡಲಿಲ್ಲ. ಕ್ಷಮಿಸಲಿಲ್ಲ, ಬೈಯಲೂ ಇಲ್ಲ. ತಾಯಿಯ ಹಾಗೆ ಅವಳೂ ನನ್ನ ತಪ್ಪನ್ನು ಮುಚ್ಚಿ ಹಾಕಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಮುಚ್ಚಿ ಹಾಕಲಿಲ್ಲ. ಆ ದಿನದ ಉಪಕಾರಗಳಲ್ಲಿ ನಾನು ಎಣಿಸಿದ್ದು ಅದೊಂದೇ.

ಚಟ್ಟಕ್ಕೆ ಹೆಗಲು ಕೊಡಲು ಇವರೂ ಹೋದರು. ಬೇಡ, ಕಾಲು ಎಂದೆ. ಕೇಳಲಿಲ್ಲ. ಗಲ್ಲಿಯ ತಿರುವಿನವರೆಗೆ ಆ ಎಳೆಯುವ ಹೆಜ್ಜೆ ಕಾಣುತ್ತಿತ್ತು. ನನ್ನ ಎದೆಯಲ್ಲಿ ಹಳೆಯ ಉರಿ ಒಮ್ಮೆ ಎದ್ದಿತು. ಎಷ್ಟು ವರ್ಷದ ಅಭ್ಯಾಸ, ಒಂದು ಮಧ್ಯಾಹ್ನದಲ್ಲಿ ಹೋಗುವುದಿಲ್ಲ.

ನಾಲ್ಕು ಗಂಟೆಗೆ ನಲ್ಲಿಯಲ್ಲಿ ಗಾಳಿ ಸಿಳ್ಳೆ ಹಾಕಿ ನೀರು ಬಂತು. ನಮ್ಮಲ್ಲಿ ಬರುವುದೇ ಮುಕ್ಕಾಲು ಗಂಟೆ, ಪಾಳಿಯ ಪ್ರಕಾರ ಆವತ್ತು ಮೊದಲ ಪೈಪು ನನ್ನದು. ಮಸಣದಿಂದ ಬಂದವರಿಗೆ ಸ್ನಾನಕ್ಕೆ ನೀರು ಬೇಕು, ಸಾವಿನ ಮನೆಯ ಹಳೆಯ ನೀರು ಬಳಸುವಂತಿಲ್ಲ. ನಾನು ಅವಳ ಡ್ರಮ್ಮನ್ನು ಬಗ್ಗಿಸಿ ಇದ್ದದ್ದನ್ನೆಲ್ಲ ಮೋರಿಗೆ ಚೆಲ್ಲಿದೆ, ಒಳಗೆ ಕೈ ಹಾಕಿ ತಳದವರೆಗೆ ತೊಳೆದೆ, ಪೈಪನ್ನು ಅದರೊಳಗೆ ಇಳಿಬಿಟ್ಟೆ.